ಮನೆಯ ವಿದ್ಯುತ್ ವೈರಿಂಗ್: ನಿಯಮಗಳು ಮತ್ತು ಸಾಮಾನ್ಯ ಉಲ್ಲಂಘನೆಗಳು

ಮೀಟರಿನಿಂದ ಮುಂದಕ್ಕೆ ಮನೆಯೊಳಗಿನ ದೀಪ, ಫ್ಯಾನು, ಪ್ಲಗ್ಗು, ಮೋಟರುಗಳಿಗೆ ವಿದ್ಯುತ್ತನ್ನು ಒಯ್ಯುವ ತಂತಿ, ಸ್ವಿಚ್ಚು, ರಕ್ಷಣಾ ಸಾಧನ, ಅರ್ಥಿಂಗ್ ಇವೆಲ್ಲದರ ಜೋಡಣೆಗೆ ಗೃಹ ವೈರಿಂಗ್ ಎಂದು ಹೆಸರು. ಈ ಕೆಲಸ ಹೇಗೆ ನಡೆಯಬೇಕು, ಯಾರು ಮಾಡಬೇಕು, ಮುಗಿದ ಮೇಲೆ ಹೇಗೆ ಪರೀಕ್ಷಿಸಬೇಕು ಎಂಬುದನ್ನು ಭಾರತದಲ್ಲಿ ಕಾಯ್ದೆ, ನಿಯಮಾವಳಿ ಮತ್ತು ಮಾನಕಗಳು ನಿಗದಿಪಡಿಸಿವೆ. ಮನೆಗಳಿಗೆ ಬರುವ ಸಿಂಗಲ್ ಫೇಸ್ ಪೂರೈಕೆ 230 ವೋಲ್ಟ್, 50 ಹರ್ಟ್ಸ್. ಜೀವ ತೆಗೆಯಲು ಇಷ್ಟು ಧಾರಾಳವಾಗಿ ಸಾಕು. ವಿದ್ಯುದಾಘಾತದಿಂದ ದೇಶದಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಿದ್ದಾರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಇತ್ತೀಚಿನ ವರ್ಷಗಳ ವರದಿಗಳು ತೋರಿಸುತ್ತವೆ.

ವೈರಿಂಗಿನ ದೋಷ ಬಹುಪಾಲು ಕಣ್ಣಿಗೆ ಕಾಣುವುದಿಲ್ಲ, ಕೆಲಸವನ್ನೂ ನಿಲ್ಲಿಸುವುದಿಲ್ಲ. ಅರ್ಥ್ ಇಲ್ಲದ ಫ್ರಿಜ್ಜು ಹಾಲನ್ನು ಕೆಡದಂತೆ ಕಾಯುತ್ತದೆ. ಕರೆಂಟ್ ಮರಳುವ ನ್ಯೂಟ್ರಲ್ ತಂತಿಗೆ ಸ್ವಿಚ್ ಹಾಕಿದ ದೀಪವೂ ಹೊತ್ತುತ್ತದೆ, ಆರುತ್ತದೆ. ದೀಪ ಉರಿಯಿತು ಎಂಬುದು ವೈರಿಂಗ್ ಸರಿಯಿದೆ ಎಂಬುದಕ್ಕೆ ಸಾಕ್ಷಿಯಾಗದು. ಯಂತ್ರ ಕೆಟ್ಟಾಗ, ತಂತಿಯ ಹೊದಿಕೆ ಹರಿದಾಗ, ಮಗು ತಪ್ಪಾಗಿ ಮುಟ್ಟಿದಾಗಲೂ ಪ್ರಾಣ ಉಳಿಯಬೇಕು ಎಂಬುದು ನಿಯಮಗಳ ಗುರಿ. ಅದಕ್ಕಾಗಿ ಅವು ಒಂದರ ಹಿಂದೆ ಒಂದು ರಕ್ಷಣೆಯನ್ನು ಇರಿಸುತ್ತವೆ. ಪ್ರತಿಯೊಂದು ಉಲ್ಲಂಘನೆಯೂ ಇವುಗಳಲ್ಲಿ ಒಂದನ್ನು ಸದ್ದಿಲ್ಲದೆ ತೆಗೆದುಹಾಕುತ್ತದೆ.

ಇತಿಹಾಸ ಮತ್ತು ಕಾನೂನು

ಮೈಸೂರು ಸಂಸ್ಥಾನದಲ್ಲಿ ಶಿವನಸಮುದ್ರದ ಜಲವಿದ್ಯುತ್ ಕೇಂದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದವು. ಬ್ರಿಟಿಷ್ ಭಾರತದಲ್ಲಿ 1910ರ ಭಾರತೀಯ ವಿದ್ಯುತ್ ಕಾಯ್ದೆ ಪೂರೈಕೆಗೆ ಕಾನೂನಿನ ಚೌಕಟ್ಟು ಒದಗಿಸಿತು. ಸ್ವಾತಂತ್ರ್ಯಾನಂತರ 1956ರ ಭಾರತೀಯ ವಿದ್ಯುತ್ ನಿಯಮಗಳು ಸುರಕ್ಷತೆಯ ವಿವರಗಳನ್ನು ಒಂದೆಡೆ ತಂದವು. ಇಂದಿಗೂ ಹಿರಿಯ ವೈರ್‌ಮನ್‌ಗಳು ‘ಐಇ ರೂಲ್ಸ್’ ಎನ್ನುವುದು ಇದನ್ನೇ. 2003ರ ವಿದ್ಯುತ್ ಕಾಯ್ದೆ ಹಳೆಯ ಕಾಯ್ದೆಯ ಜಾಗಕ್ಕೆ ಬಂತು. ಅದರ 53ನೇ ಸೆಕ್ಷನ್ ಸುರಕ್ಷತೆಯ ಕ್ರಮಗಳನ್ನು ಗೊತ್ತುಮಾಡುವ ಹೊಣೆಯನ್ನು ಕೇಂದ್ರ ವಿದ್ಯುತ್ ಪ್ರಾಧಿಕಾರಕ್ಕೆ ಒಪ್ಪಿಸಿತು. ಪ್ರಾಧಿಕಾರ 2010ರಲ್ಲಿ ಸುರಕ್ಷತೆ ಮತ್ತು ವಿದ್ಯುತ್ ಪೂರೈಕೆಯ ನಿಯಮಾವಳಿಯನ್ನು ಹೊರಡಿಸಿತು. 2023ರಲ್ಲಿ ಅದನ್ನು ಬದಲಿಸಿ ಹೊಸ ನಿಯಮಾವಳಿ ತಂದಿತು.

ಕಾನೂನು ಏನಾಗಬೇಕೆಂದು ಹೇಳಿದರೆ, ಹೇಗಾಗಬೇಕೆಂಬುದನ್ನು ಭಾರತೀಯ ಮಾನಕ ಬ್ಯೂರೋದ ಮಾನಕಗಳು ಹೇಳುತ್ತವೆ. ಒಟ್ಟು ವೈರಿಂಗ್ ಪದ್ಧತಿಗೆ ಐಎಸ್ 732, ಅರ್ಥಿಂಗ್‌ಗೆ ಐಎಸ್ 3043, ಪಿವಿಸಿ ಹೊದಿಕೆಯ ತಂತಿಗೆ ಐಎಸ್ 694, ಪ್ಲಗ್ಗು ಸಾಕೆಟ್ಟುಗಳಿಗೆ ಐಎಸ್ 1293 ಆಧಾರ. ಇವುಗಳ ಸಾರವನ್ನು ಒಟ್ಟುಗೂಡಿಸಿದ ರಾಷ್ಟ್ರೀಯ ವಿದ್ಯುತ್ ಸಂಹಿತೆ ಮೊದಲು 1985ರಲ್ಲಿ ಹೊರಬಂದು, 2011ರಲ್ಲಿ ಮತ್ತು 2023ರಲ್ಲಿ ಪರಿಷ್ಕಾರಗೊಂಡಿತು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಎಂಟನೆಯ ಭಾಗದಲ್ಲೂ ಕಟ್ಟಡದ ವಿದ್ಯುತ್ ವ್ಯವಸ್ಥೆಗೆ ಪ್ರತ್ಯೇಕ ಅಧ್ಯಾಯವಿದೆ.

ಯಾರ ಹೊಣೆ

ಕರ್ನಾಟಕದಲ್ಲಿ ವಿದ್ಯುತ್ ವಿತರಣೆ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಮತ್ತು ಮೈಸೂರು ಭಾಗದ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಗಳ ಕೈಯಲ್ಲಿದೆ. ಸುರಕ್ಷತೆಯ ಪರಿಶೀಲನೆ, ಅಪಘಾತಗಳ ತನಿಖೆ ಮತ್ತು ಕಂಟ್ರಾಕ್ಟರುಗಳ ಲೈಸೆನ್ಸು ರಾಜ್ಯ ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯದ ಕೆಲಸ. ಮೀಟರಿನವರೆಗಿನ ತಂತಿ ವಿತರಣಾ ಕಂಪನಿಯ ಹೊಣೆ, ಅದರಿಂದಾಚೆಯದು ಗ್ರಾಹಕನದು.

ಬಲ್ಬು ಬದಲಿಸುವಂಥ ಸಣ್ಣಪುಟ್ಟ ಕೆಲಸವನ್ನು ಬಿಟ್ಟು ಉಳಿದ ವೈರಿಂಗನ್ನು ಲೈಸೆನ್ಸ್ ಪಡೆದ ಕಂಟ್ರಾಕ್ಟರು, ಅರ್ಹತಾ ಪ್ರಮಾಣಪತ್ರವುಳ್ಳ ಮೇಲ್ವಿಚಾರಕನ ಕಣ್ಗಾವಲಿನಲ್ಲಿ, ಪರ್ಮಿಟ್ ಇರುವ ವೈರ್‌ಮನ್‌ಗಳಿಂದಲೇ ಮಾಡಿಸಬೇಕು. ಹೊಸ ಸಂಪರ್ಕ ಕೇಳುವಾಗ ಕಂಟ್ರಾಕ್ಟರು ಸಹಿ ಮಾಡಿದ ಕಂಪ್ಲೀಷನ್ ರಿಪೋರ್ಟ್ ಸಲ್ಲಿಸಬೇಕು. ಈ ವರದಿ ತಂತಿಗಳನ್ನು ಅಳೆದು ಬರೆದದ್ದಾಗಿರಬೇಕು. ತಂತಿಯ ಹೊದಿಕೆಯ ರೋಧ ಅಳೆಯುವ ಮೆಗ್ಗರ್ ಹೊರತೆಗೆಯದೆಯೇ ನಮೂನೆಯಲ್ಲಿ ಅಂಕಿ ತುಂಬಿ ಸಹಿ ಮಾಡಿದಲ್ಲಿ, ಮುಂದಿನ ಎಲ್ಲ ಉಲ್ಲಂಘನೆಗಳಿಗೂ ಬಾಗಿಲು ಅಲ್ಲೇ ತೆರೆಯುತ್ತದೆ. ಪರೀಕ್ಷೆಯ ವೇಳೆ ಎದುರಿಗಿದ್ದು ಅಂಕಿಗಳನ್ನು ಕೇಳಿ ಪಡೆಯುವುದು ಮನೆಯೊಡೆಯನ ಹಕ್ಕು.

ಅಪಾಯದ ಸ್ವರೂಪ

ವಿದ್ಯುತ್ ಎರಡು ರೀತಿಯಲ್ಲಿ ಕೊಲ್ಲುತ್ತದೆ: ಮೈಯೊಳಗೆ ಹರಿದು, ಇಲ್ಲವೇ ಬೆಂಕಿ ಹಚ್ಚಿ. ಒಂದು ಮಿಲಿಆಂಪಿಯರ್ ಆಸುಪಾಸಿನ ಪ್ರವಾಹ ‘ಜುಮ್’ ಎಂದು ಗೊತ್ತಾಗುತ್ತದೆ. ಹತ್ತು ಮಿಲಿಆಂಪಿಯರ್ ಸುಮಾರಿಗೆ ಸ್ನಾಯುಗಳು ಬಿಗಿದು, ಹಿಡಿದದ್ದನ್ನು ಬಿಡಲಾಗದ ಸ್ಥಿತಿ ಬರುತ್ತದೆ. ಮೂವತ್ತನ್ನು ದಾಟಿ ಹರಿಯುತ್ತಲೇ ಇದ್ದರೆ ಉಸಿರಾಟಕ್ಕೂ ಹೃದಯದ ಬಡಿತಕ್ಕೂ ಕುತ್ತು. ಮನುಷ್ಯದೇಹದ ರೋಧವನ್ನು ಸುಮಾರು 1000 ಓಮ್ ಎಂದಿಟ್ಟುಕೊಂಡರೆ 230 ವೋಲ್ಟಿನಲ್ಲಿ 230 ಮಿಲಿಆಂಪಿಯರ್ ಹರಿಯುತ್ತದೆ. ಒದ್ದೆ ಮೈ, ಬರಿಗಾಲು, ಹಸಿ ನೆಲವಾದರೆ ರೋಧ ಇನ್ನೂ ಇಳಿಯುತ್ತದೆ.

ಬೆಂಕಿಯ ಮೂಲ ಶಾಖ. ತಂತಿಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ಅನುಗುಣ: ಪ್ರವಾಹ ಎರಡರಷ್ಟಾದರೆ ಶಾಖ ನಾಲ್ಕರಷ್ಟು. ಸಾಮಾನ್ಯ ಪಿವಿಸಿ ಹೊದಿಕೆ ತಾಳುವುದು 70 ಡಿಗ್ರಿ ಸೆಲ್ಸಿಯಸ್ ತನಕ. ಅದಕ್ಕಿಂತ ಬಿಸಿಯಾಗುತ್ತ ಹೋದರೆ ಹೊದಿಕೆ ಗಡುಸಾಗಿ, ಸೀಳಿ, ಕೊನೆಗೆ ಫೇಸ್ ಮತ್ತು ನ್ಯೂಟ್ರಲ್ ತಂತಿಗಳು ಒಂದಕ್ಕೊಂದು ತಾಗುತ್ತವೆ. ಸಡಿಲ ಸ್ಕ್ರೂ, ಬರಿ ತಿರುಚಿ ಟೇಪು ಸುತ್ತಿದ ಜಾಯಿಂಟು ಇದ್ದಲ್ಲಿ ಲೋಡು ಹೆಚ್ಚಿಲ್ಲದಿದ್ದರೂ ಆ ಒಂದು ಬಿಂದು ಮಾತ್ರ ಕಾದು ಕರಕಲಾಗುತ್ತದೆ. ಪ್ರವಾಹ ಮಿತಿಯಲ್ಲೇ ಇರುವುದರಿಂದ, ಮಿತಿ ಮೀರಿದಾಗ ಸರ್ಕ್ಯೂಟನ್ನು ತಾನಾಗಿ ಕಡಿಯುವ ಎಂಸಿಬಿ ಇದನ್ನು ಗುರುತಿಸಲಾರದು.

ಸರ್ಕ್ಯೂಟ್ ಮತ್ತು ತಂತಿಯ ದಪ್ಪ

ಮನೆಯ ವೈರಿಂಗನ್ನು ಹಲವು ಸಬ್‌ಸರ್ಕ್ಯೂಟುಗಳಾಗಿ ಒಡೆಯಬೇಕು. ದೀಪ, ಫ್ಯಾನು ಮತ್ತು 6 ಆಂಪಿಯರ್ ಸಾಕೆಟ್ಟುಗಳ ಒಂದು ಸರ್ಕ್ಯೂಟಿನಲ್ಲಿ ಹತ್ತಕ್ಕಿಂತ ಹೆಚ್ಚು ಪಾಯಿಂಟುಗಳು, 800 ವಾಟಿಗಿಂತ ಹೆಚ್ಚು ಲೋಡು ಇರಕೂಡದು ಎಂಬುದು ರೂಢಿಯಲ್ಲಿರುವ ನಿಯಮ. 16 ಆಂಪಿಯರ್ ಪವರ್ ಪಾಯಿಂಟುಗಳಾದರೆ ಒಂದು ಸರ್ಕ್ಯೂಟಿಗೆ ಸಾಮಾನ್ಯವಾಗಿ ಎರಡೇ. ತಾಮ್ರದ ತಂತಿ ದೀಪಗಳಿಗೆ 1.5 ಚದರ ಮಿಲಿಮೀಟರ್, ಪವರ್ ಪಾಯಿಂಟಿಗೆ 2.5 ಅಥವಾ 4, ಗೀಸರು ಮತ್ತು ಎಸಿಗೆ 4 ಎಂಬುದು ಸಾಮಾನ್ಯ ಲೆಕ್ಕ.

ಈ ಲೆಕ್ಕ ತಪ್ಪುವುದು ಅಡುಗೆಮನೆಯಲ್ಲಿ. 6 ಆಂಪಿಯರ್ ಸಾಕೆಟ್ಟು ಕೊಡಬಲ್ಲದ್ದು 6 ಗುಣಿಸು 230, ಅಂದರೆ 1380 ವಾಟ್. 2000 ವಾಟಿನ ಇಂಡಕ್ಷನ್ ಒಲೆ 8.7 ಆಂಪಿಯರ್ ಎಳೆಯುತ್ತದೆ. ದಪ್ಪ ಪಿನ್ನಿನ ಪ್ಲಗ್ಗಿಗೆ ಕನ್ವರ್ಟರ್ ಸಿಕ್ಕಿಸಿ ಸಣ್ಣ ಸಾಕೆಟ್ಟಿಗೆ ಹಾಕಿದರೆ ಒಲೆ ಉರಿಯುತ್ತದೆ, ಗೋಡೆಯೊಳಗಿನ ತೆಳು ತಂತಿ ಪ್ರತಿದಿನ ಸ್ವಲ್ಪ ಸ್ವಲ್ಪ ಬೇಯುತ್ತದೆ. ಒಂದು ಎಕ್ಸ್‌ಟೆನ್ಷನ್ ಬೋರ್ಡಿಗೆ ಇನ್ನೊಂದನ್ನು ಸಿಕ್ಕಿಸಿ ಮಿಕ್ಸಿ, ಓವನ್ನು, ಐರನ್ ಬಾಕ್ಸ್ ಎಲ್ಲವನ್ನೂ ಓಡಿಸುವುದೂ ಇದೇ ತಪ್ಪಿನ ಇನ್ನೊಂದು ರೂಪ. ಮನೆಯ ಒಟ್ಟು ಬಳಕೆ ಮಂಜೂರಾದ ಲೋಡಿಗಿಂತ ಹೆಚ್ಚಿದರೆ ವಿತರಣಾ ಕಂಪನಿಗೆ ತಿಳಿಸಿ ಲೋಡು ಏರಿಸಿಕೊಳ್ಳಬೇಕು. ಏರಿಸದಿದ್ದರೆ ಮೀಟರು, ಕಂಬದಿಂದ ಮನೆಗೆ ಬರುವ ಸರ್ವಿಸ್ ತಂತಿ ಮತ್ತು ಬೀದಿಯ ಟ್ರಾನ್ಸ್‌ಫಾರ್ಮರ್ ಮೂರಕ್ಕೂ ಹೊರೆ.

ತಂತಿಗಳು ಕಾಂಡ್ಯೂಟ್ ಪೈಪಿನೊಳಗೆ ಹೋಗಬೇಕು, ಜಾಯಿಂಟು ಜಂಕ್ಷನ್ ಬಾಕ್ಸಿನಲ್ಲಿ ಮಾತ್ರ ಇರಬೇಕು, ಪೈಪು ಗೋಡೆಯಲ್ಲಿ ನೇರ ಲಂಬವಾಗಿ ಅಥವಾ ಅಡ್ಡವಾಗಿ ಸಾಗಬೇಕು. ಓರೆಯಾಗಿ ಹಾಯಿಸಿದ ಪೈಪು ಎಲ್ಲಿದೆಯೆಂದು ಮುಂದೆ ಗೋಡೆಗೆ ಡ್ರಿಲ್ ಹಾಕುವವನಿಗೆ ತಿಳಿಯದು. ಉಳಿತಾಯಕ್ಕೆಂದು ತಂತಿಯನ್ನು ಪೈಪಿಲ್ಲದೆ ನೇರ ಗಾರೆಯಲ್ಲಿ ಹೂಳುವುದು, ಪೈಪಿನ ನಡುವೆಯೇ ಟೇಪು ಸುತ್ತಿ ಜೋಡಿಸುವುದು ಗಂಭೀರ ದೋಷಗಳು. ಕೆಟ್ಟಾಗ ತಂತಿಯನ್ನು ಎಳೆದು ಬದಲಿಸುವ ದಾರಿಯೇ ಇರುವುದಿಲ್ಲ. ತಂತಿ, ಸ್ವಿಚ್ಚು, ಎಂಸಿಬಿಗಳ ಮೇಲೆ ಐಎಸ್ಐ ಗುರುತು ಇರಬೇಕು. ಹೊದಿಕೆಯ ಮೇಲೆ ಮುದ್ರಿತವಾದ ಅಳತೆ ಮತ್ತು ಲೈಸೆನ್ಸ್ ಸಂಖ್ಯೆಯನ್ನು ಕೊಳ್ಳುವಾಗಲೇ ಓದಿ ನೋಡಬಹುದು.

ಫ್ಯೂಸ್ ಮತ್ತು ಎಂಸಿಬಿ

ಎಂಸಿಬಿ ಕಾಯುವುದು ತಂತಿಯನ್ನು. ಆದ್ದರಿಂದ ಅದರ ಅಳತೆ ತಂತಿಯ ಸಾಮರ್ಥ್ಯಕ್ಕಿಂತ ಹೆಚ್ಚಿರಬಾರದು. ಮಾನಕದ ಪ್ರಕಾರ ಎಂಸಿಬಿ ತನ್ನ ಅಳತೆಯ 1.13ರಷ್ಟು ಪ್ರವಾಹವನ್ನು ಒಂದು ಗಂಟೆ ತಾಳಬೇಕು, 1.45ರಷ್ಟಾದರೆ ಒಂದು ಗಂಟೆಯೊಳಗೆ ಬೀಳಬೇಕು. ಶಾರ್ಟ್ ಸರ್ಕ್ಯೂಟಿನಲ್ಲಿ ಬಿ ಮಾದರಿಯದು ಅಳತೆಯ 3ರಿಂದ 5 ಪಟ್ಟಿಗೆ, ಸಿ ಮಾದರಿಯದು 5ರಿಂದ 10 ಪಟ್ಟಿಗೆ ತಕ್ಷಣ ಬೀಳುತ್ತದೆ.

ಇಲ್ಲಿ ಕಂಡುಬರುವ ಅತಿ ಸಾಮಾನ್ಯ ಉಲ್ಲಂಘನೆ, ಪದೇಪದೇ ಬೀಳುವ 16 ಆಂಪಿಯರ್ ಎಂಸಿಬಿಯನ್ನು ತೆಗೆದು 32ರದನ್ನು ಹಾಕುವುದು. ಬೀಳುವ ಕಿರಿಕಿರಿ ನಿಲ್ಲುತ್ತದೆ, ತಂತಿಯ ಕಾವಲೂ ನಿಲ್ಲುತ್ತದೆ. ಹಳೆಯ ಮನೆಗಳ ಪಿಂಗಾಣಿ ಕಿಟ್‌ಕ್ಯಾಟ್ ಫ್ಯೂಸಿನಲ್ಲಿ ಸರಿಯಾದ ಫ್ಯೂಸ್ ತಂತಿಯ ಬದಲು ವೈರಿನ ಎಳೆಗಳನ್ನು ಕಟ್ಟುವುದೂ ಇದೇ ಸಾಲಿಗೆ ಸೇರುತ್ತದೆ. ಅಂಥ ಎಳೆ ಸುಡುವ ಮೊದಲು ಗೋಡೆಯೊಳಗಿನ ತಂತಿಯೇ ಸುಡಬಹುದು.

ಫೇಸ್, ನ್ಯೂಟ್ರಲ್ ಮತ್ತು ಬಣ್ಣ

ಸ್ವಿಚ್ಚು ಕರೆಂಟ್ ತರುವ ಫೇಸ್ ತಂತಿಯಲ್ಲೇ ಇರಬೇಕು. ನ್ಯೂಟ್ರಲಿನಲ್ಲಿ ಒಂಟಿ ಸ್ವಿಚ್ಚಾಗಲಿ ಫ್ಯೂಸಾಗಲಿ ಇರಕೂಡದು. ಎರಡನ್ನೂ ಒಟ್ಟಿಗೇ ಕಡಿಯುವ ಜೋಡಿ ಸ್ವಿಚ್ಚು ಮಾತ್ರ ನ್ಯೂಟ್ರಲನ್ನು ಕಡಿಯಬಹುದು. ಈ ನಿಯಮ 1956ರ ನಿಯಮಗಳಲ್ಲೂ ಇತ್ತು, ಇಂದಿಗೂ ಇದೆ. ಮುರಿದರೆ ಆಗುವುದೇನು? ಸ್ವಿಚ್ಚು ಆರಿಸಿ ಬಲ್ಬು ಬದಲಿಸುವವನ ಕೈಗೆ ಹೋಲ್ಡರಿನಲ್ಲಿ 230 ವೋಲ್ಟ್ ಕಾದಿರುತ್ತದೆ. ನ್ಯೂಟ್ರಲಿನಲ್ಲಿ ಮಾತ್ರ ಫ್ಯೂಸ್ ಸುಟ್ಟರೆ ಮನೆ ಕತ್ತಲಾಗುತ್ತದೆ, ತಂತಿಗಳಲ್ಲಿ ಮಾತ್ರ ಕರೆಂಟ್ ಇದ್ದೇ ಇರುತ್ತದೆ.

ಭಾರತದ ರೂಢಿಯಲ್ಲಿ ಮೂರು ಫೇಸುಗಳಿಗೆ ಕೆಂಪು, ಹಳದಿ, ನೀಲಿ, ನ್ಯೂಟ್ರಲಿಗೆ ಕಪ್ಪು, ಅರ್ಥಿಗೆ ಹಸಿರು ಅಥವಾ ಹಸಿರು-ಹಳದಿ ಪಟ್ಟೆ. ಆದರೆ ಉಪಕರಣಗಳ ಜೊತೆ ಬರುವ ವೈರಿನಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್. ಗೋಡೆಯಲ್ಲಿ ಫೇಸ್ ಆಗಿರಬಹುದಾದ ನೀಲಿ, ಉಪಕರಣದಲ್ಲಿ ನ್ಯೂಟ್ರಲ್. ಬಣ್ಣ ನೋಡಿ ನಂಬಿದವರಿಗೆ ಇಲ್ಲಿ ಅಪಾಯವಿದೆ, ಪರೀಕ್ಷಿಸಿಯೇ ಜೋಡಿಸಬೇಕು. ಕೈಗೆ ಸಿಕ್ಕಿದ ಬಣ್ಣದ ತುಂಡುಗಳಿಂದ ಕೆಲಸ ಮುಗಿಸುವುದು, ಅದರಲ್ಲೂ ಹಸಿರು ತಂತಿಯನ್ನು ಫೇಸಿಗೆ ಬಳಸುವುದು, ಮುಂದೆ ರಿಪೇರಿಗೆ ಬರುವವನಿಗೆ ಒಡ್ಡಿದ ಉರುಳು.

ಮೂರು ಪಿನ್ನಿನ ಸಾಕೆಟ್ಟನ್ನು ಎದುರಿನಿಂದ ನೋಡಿದಾಗ ಮೇಲಿನ ದೊಡ್ಡ ತೂತು ಅರ್ಥ್, ಬಲಗಡೆ ಫೇಸ್, ಎಡಗಡೆ ನ್ಯೂಟ್ರಲ್. ಅರ್ಥ್ ಪಿನ್ನು ಉದ್ದವಾಗಿಯೂ ದಪ್ಪವಾಗಿಯೂ ಇರುವುದರಿಂದ ಪ್ಲಗ್ಗು ಹಾಕುವಾಗ ರಕ್ಷಣೆ ಮೊದಲು ಸೇರುತ್ತದೆ, ಕೀಳುವಾಗ ಕೊನೆಗೆ ಕಳಚುತ್ತದೆ. ಆ ಪಿನ್ನನ್ನು ಕತ್ತರಿಸಿ ಎರಡು ತೂತಿನ ಸಾಕೆಟ್ಟಿಗೆ ಹಾಕುವುದು, ಪ್ಲಗ್ಗೇ ಇಲ್ಲದೆ ಸುಲಿದ ತಂತಿಗಳನ್ನು ಬೆಂಕಿಕಡ್ಡಿಯಿಂದ ತುರುಕುವುದು ನೇರ ಉಲ್ಲಂಘನೆಗಳು. ಮಕ್ಕಳಿರುವ ಮನೆಯಲ್ಲಿ ಶಟರ್ ಇರುವ ಸಾಕೆಟ್ಟುಗಳೇ ಇರಬೇಕು.

ಅರ್ಥಿಂಗ್

ಉಪಕರಣದ ಲೋಹದ ಮೈಗೆ ಫೇಸ್ ತಾಗಿದಾಗ ಪ್ರವಾಹಕ್ಕೆ ಮನುಷ್ಯನ ದೇಹಕ್ಕಿಂತ ಸುಲಭವಾದ ದಾರಿ ಒದಗಿಸುವುದು ಅರ್ಥಿಂಗ್. ಗ್ರಾಹಕನ ಆವರಣದಲ್ಲಿ ಅರ್ಥ್ ಟರ್ಮಿನಲ್ ಒದಗಿಸಬೇಕೆಂದು ನಿಯಮಾವಳಿ ಪೂರೈಕೆದಾರನಿಗೆ ಹೇಳುತ್ತದೆ. ರೂಢಿಯಲ್ಲಿ ಪ್ರತಿ ಮನೆಯೂ ತನ್ನದೇ ಅರ್ಥ್ ಗುಂಡಿಯನ್ನು ತೋಡಿಕೊಳ್ಳುತ್ತದೆ. ಐಎಸ್ 3043 ಪ್ರಕಾರ ಗುಂಡಿಯಲ್ಲಿ ಹೂಳುವ ಪೈಪು 2.5 ಮೀಟರಿಗೆ ಕಡಿಮೆಯಿಲ್ಲದ ಉದ್ದವಿರಬೇಕು, ಗುಂಡಿ ಕಟ್ಟಡದಿಂದ ಕನಿಷ್ಠ 1.5 ಮೀಟರ್ ದೂರವಿರಬೇಕು. ಸುತ್ತ ಇದ್ದಿಲು, ಉಪ್ಪು ತುಂಬಿ, ನೀರು ಹಾಕಲು ಮೇಲೆ ಕೊಳವೆ ಬಿಡುವುದು ಹಳೆಯ ಪದ್ಧತಿ. ಮಣ್ಣಿನ ಗುಣವೂ ಇಲ್ಲಿ ಮುಖ್ಯ. ತೇವ ಹಿಡಿದಿಡುವ ಎರೆಮಣ್ಣಿನಲ್ಲಿ ಒಳ್ಳೆಯ ಅರ್ಥ್ ಸುಲಭ. ಕಲ್ಲುನೆಲದಲ್ಲಿ, ಒಣಗಿದ ಜಂಬಿಟ್ಟಿಗೆಯ ನೆಲದಲ್ಲಿ ಕಷ್ಟ. ಬೇಸಿಗೆಯಲ್ಲಿ ನೆಲ ಒಣಗಿದಾಗ ರೋಧ ಏರುತ್ತದೆ.

ಅರ್ಥಿಂಗ್ ಒಂದೇ ಸಾಕೆಂಬ ನಂಬಿಕೆ ಎಷ್ಟು ಅಪಾಯಕರವೆಂದು ಸಣ್ಣ ಲೆಕ್ಕವೊಂದು ತೋರಿಸುತ್ತದೆ. ಗುಂಡಿಯ ರೋಧ 20 ಓಮ್ ಇದ್ದರೆ ದೋಷದ ಪ್ರವಾಹ 230 ಭಾಗಿಸು 20, ಅಂದರೆ 11.5 ಆಂಪಿಯರ್. ಇದಕ್ಕೆ 16 ಆಂಪಿಯರ್ ಎಂಸಿಬಿ ಎಂದಿಗೂ ಬೀಳದು. ರೋಧ 5 ಓಮ್‌ಗೆ ಇಳಿದರೂ ಪ್ರವಾಹ 46 ಆಂಪಿಯರ್. ಸಿ ಮಾದರಿಯ ಅದೇ ಎಂಸಿಬಿ ತಕ್ಷಣ ಬೀಳಲು 80ಕ್ಕೂ ಹೆಚ್ಚು ಬೇಕು. 46ರಲ್ಲಿ ಅದು ಕಾದು, ತಡವಾಗಿ ಬೀಳುತ್ತದೆ. ಅಷ್ಟು ಹೊತ್ತೂ ಗೀಸರಿನ ಮೈ, ನಲ್ಲಿ, ನೀರು ಎಲ್ಲದರಲ್ಲೂ ಪ್ರಾಣಾಂತಕ ವೋಲ್ಟೇಜ್ ನಿಂತಿರುತ್ತದೆ.

ಅರ್ಥಿಂಗಿನಲ್ಲಿ ಕಾಣುವ ದೋಷಗಳು ಹಲವು. ಸಾಕೆಟ್ಟಿನ ಅರ್ಥ್ ತೂತಿಗೆ ತಂತಿಯನ್ನೇ ಎಳೆಯದಿರುವುದು. ಅರ್ಥ್ ತಂತಿಯನ್ನು ನೀರಿನ ಪೈಪಿಗೆ ಕಟ್ಟುವುದು. ಟೈಲ್ಸ್ ಹಾಕುವಾಗ ಗುಂಡಿಯನ್ನೇ ಮುಚ್ಚಿಬಿಡುವುದು. ಕ್ಲಾಂಪು ತುಕ್ಕು ಹಿಡಿದು ಕಳಚಿರುವುದು. ಇವೆಲ್ಲಕ್ಕಿಂತ ಅಪಾಯದ್ದು ಸಾಕೆಟ್ಟಿನೊಳಗೇ ನ್ಯೂಟ್ರಲ್ ಮತ್ತು ಅರ್ಥನ್ನು ತುಂಡು ತಂತಿಯಿಂದ ಕೂಡಿಸುವುದು. ಪರೀಕ್ಷೆಯ ಬಲ್ಬು ಇಲ್ಲಿ ಚೆನ್ನಾಗಿ ಉರಿದು ‘ಅರ್ಥ್ ಇದೆ’ ಎಂದು ತೋರಿಸುತ್ತದೆ. ಎಲ್ಲೋ ನ್ಯೂಟ್ರಲ್ ಕಡಿದ ದಿನ ಫ್ರಿಜ್ಜಿನ ಬಾಗಿಲೇ ಫೇಸ್ ಆಗಿಬಿಡುತ್ತದೆ.

ಆರ್‌ಸಿಸಿಬಿ

ಮೇಲಿನ ಲೆಕ್ಕದ ಕೊರತೆಯನ್ನು ತುಂಬುವ ಸಾಧನ ಆರ್‌ಸಿಸಿಬಿ. ಜನ ಇದನ್ನು ಇಎಲ್‌ಸಿಬಿ ಎಂದೂ ಕರೆಯುತ್ತಾರೆ. ಫೇಸಿನಲ್ಲಿ ಹೋದ ಪ್ರವಾಹವೂ ನ್ಯೂಟ್ರಲಿನಲ್ಲಿ ಮರಳಿದ ಪ್ರವಾಹವೂ ಸಮವೇ ಎಂದು ಇದು ಸದಾ ತೂಗುತ್ತಿರುತ್ತದೆ. ವ್ಯತ್ಯಾಸ ಬಂದರೆ ಸೋರಿಕೆಯಿದೆ ಎಂದರ್ಥ, ಕೂಡಲೇ ಕಡಿಯುತ್ತದೆ. ಸಣ್ಣ ಸಂಪರ್ಕಗಳನ್ನು ಬಿಟ್ಟು ಉಳಿದ ಮನೆಗಳಿಗೆ 30 ಮಿಲಿಆಂಪಿಯರ್ ಮೀರದ ಸೋರಿಕೆ ರಕ್ಷಣೆಯನ್ನು ನಿಯಮಾವಳಿ ಕಡ್ಡಾಯ ಮಾಡಿದೆ. ತನ್ನ ಅಳತೆಯ ಸೋರಿಕೆಯಲ್ಲಿ 0.3 ಸೆಕೆಂಡಿನೊಳಗೆ, ಐದು ಪಟ್ಟಿನಲ್ಲಿ 0.04 ಸೆಕೆಂಡಿನೊಳಗೆ ಅದು ಬೀಳಬೇಕು. ಗುಂಡಿಯ ರೋಧ 100 ಓಮ್ ಇದ್ದರೂ ದೋಷದ ಪ್ರವಾಹ 2.3 ಆಂಪಿಯರ್ ಇರುವುದರಿಂದ ಆರ್‌ಸಿಸಿಬಿ ಕ್ಷಣಾರ್ಧದಲ್ಲಿ ಕೆಲಸ ಮಾಡುತ್ತದೆ.

ಇದಕ್ಕೂ ಮಿತಿಗಳಿವೆ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದು ಒಣ ಮರದ ಮೇಲೆ ನಿಂತವನನ್ನು ಇದು ಗುರುತಿಸದು. ಓವರ್‌ಲೋಡಿಗೆ ಬೀಳದು, ಅದಕ್ಕೆ ಎಂಸಿಬಿಯೇ ಬೇಕು. ಸಾಧನದ ಮೇಲಿನ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ಬೀಳುತ್ತದೆಯೇ ಎಂದು ನೋಡಬೇಕು. ಮಳೆಗಾಲದಲ್ಲಿ ಪದೇಪದೇ ಬೀಳುತ್ತದೆಂದು ಅದನ್ನು ಬೈಪಾಸ್ ಮಾಡಿ ನೇರ ಸಂಪರ್ಕ ಕೊಡುವುದು ದೊಡ್ಡ ತಪ್ಪು. ಗೋಡೆ ತೇವಗೊಂಡು ಎಲ್ಲೋ ವಿದ್ಯುತ್ ಸೋರುತ್ತಿದೆ ಎಂಬುದನ್ನೇ ಅದು ಹೇಳುತ್ತಿರುತ್ತದೆ.

ಬಚ್ಚಲು ಮತ್ತು ಮನೆಯ ಹೊರಗೆ

ಬಚ್ಚಲಿನಲ್ಲಿ ಸ್ನಾನದ ಜಾಗವನ್ನು ಮಾನಕಗಳು ವಲಯಗಳಾಗಿ ವಿಂಗಡಿಸುತ್ತವೆ. ಶವರಿನ ಅಡಿಯಲ್ಲಿ, ಅದರ ಸಮೀಪದಲ್ಲಿ ಸಾಧಾರಣ ಸಾಕೆಟ್ಟು, ಸ್ವಿಚ್ಚುಗಳಿಗೆ ಅವಕಾಶವಿಲ್ಲ. ಗೀಸರಿನ ಸ್ವಿಚ್ಚು ಹೊರಗಡೆ ಇರುವುದು, ಅದು ಎರಡೂ ತಂತಿಗಳನ್ನು ಕಡಿಯುವಂಥದ್ದಾಗಿರುವುದು ಒಳ್ಳೆಯದು. ಬಕೆಟ್ಟಿಗೆ ಇಳಿಬಿಡುವ, ನೀರು ಕಾಯಿಸುವ ಕಾಯಿಲ್ ಅರ್ಥ್ ಇಲ್ಲದ ಸಾಕೆಟ್ಟಿನಿಂದ ಓಡಿದರೆ, ಅದರ ಹೊದಿಕೆ ಕೆಟ್ಟಾಗ ನೀರೇ ಕರೆಂಟಾಗುತ್ತದೆ. ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತ ಮೇಲೆಯೇ ನೀರು ಮುಟ್ಟಬೇಕು.

ಮನೆಯ ಹೊರಗೆ ಗಮನಿಸಬೇಕಾದದ್ದು ಮೇಲಿನ ತಂತಿಗಳಿಂದ ದೂರ. ಕಡಿಮೆ ಒತ್ತಡದ (ಎಲ್‌ಟಿ) ತಂತಿಗಳಿಂದ ಕಟ್ಟಡಕ್ಕೆ ಲಂಬವಾಗಿ 2.5 ಮೀಟರ್, ಅಡ್ಡಲಾಗಿ 1.2 ಮೀಟರ್ ಅಂತರ ಬೇಕು. 11 ಕಿಲೋವೋಲ್ಟ್ ಲೈನಿಗೆ ಲಂಬ 3.7 ಮೀಟರ್, ಅಡ್ಡ 1.2 ಮೀಟರ್, 33 ಕಿಲೋವೋಲ್ಟಿಗೆ ಅಡ್ಡ ಅಂತರ 2 ಮೀಟರ್. ಇಕ್ಕಟ್ಟಾದ ಬಡಾವಣೆಗಳಲ್ಲಿ ನಕ್ಷೆ ಮೀರಿ ಬಾಲ್ಕನಿಯನ್ನು ರಸ್ತೆಯ ಕಡೆ ಚಾಚಿದಾಗ ಈ ಅಂತರ ಮಾಯವಾಗುತ್ತದೆ. ಹೆಚ್ಚಿನ ಒತ್ತಡದ ಲೈನಿಗೆ ಕೈ ತಾಗಲೇಬೇಕೆಂದಿಲ್ಲ. ಕಬ್ಬಿಣದ ಸಲಾಕೆ, ಅಲ್ಯೂಮಿನಿಯಂ ಏಣಿ, ಒದ್ದೆ ಬಟ್ಟೆ ಹತ್ತಿರ ಹೋದರೂ ಅಪಾಯ. ಸರ್ವಿಸ್ ತಂತಿಗೆ ಆಸರೆಯಾದ ಕಬ್ಬಿಣದ ಪೈಪಿಗೇ ಬಟ್ಟೆ ಒಣಹಾಕುವ ತಂತಿ ಕಟ್ಟುವುದು ಹಳ್ಳಿಗಳಲ್ಲೂ ಊರುಗಳಲ್ಲೂ ಸಾವಿಗೆ ಕಾರಣವಾಗುತ್ತಲೇ ಬಂದಿದೆ. ಬಟ್ಟೆಯ ಹಗ್ಗ ನೂಲಿನದೋ ನೈಲಾನಿನದೋ ಆದರೆ ಈ ಸಾವು ತಪ್ಪುತ್ತದೆ.

ಗಣೇಶನ ಪೆಂಡಾಲು, ಜಾತ್ರೆ, ಮದುವೆಗಳ ತಾತ್ಕಾಲಿಕ ವೈರಿಂಗಿಗೂ ಇದೇ ನಿಯಮಗಳು ಅನ್ವಯ. ತಾತ್ಕಾಲಿಕ ಸಂಪರ್ಕ ಪಡೆಯದೆ ಕಂಬದಿಂದ ಕೊಂಡಿ ಹಾಕುವುದು ವಿದ್ಯುತ್ ಕಳ್ಳತನ. ಅದರಲ್ಲಿ ಫ್ಯೂಸೂ ಇಲ್ಲ, ಆರ್‌ಸಿಸಿಬಿಯೂ ಇಲ್ಲ. ಮಳೆ ಬಂದು ಕಬ್ಬಿಣದ ಕಂಬಕ್ಕೆ ಸೀರಿಯಲ್ ಸೆಟ್ಟಿನ ತಂತಿ ತಾಗಿದರೆ ಕಾಯುವವರು ಯಾರೂ ಇರುವುದಿಲ್ಲ.

ಇನ್ವರ್ಟರ್, ಜನರೇಟರ್, ಸೌರಫಲಕ

ಎರಡನೆಯ ವಿದ್ಯುತ್ ಮೂಲ ಬಂದಾಗ ಹೊಸ ಬಗೆಯ ದೋಷಗಳು ಬರುತ್ತವೆ. ಇನ್ವರ್ಟರ್ ಕೂರಿಸುವವರು ಅದರ ಸರ್ಕ್ಯೂಟಿನ ನ್ಯೂಟ್ರಲನ್ನು ಬೇರೆ ಸರ್ಕ್ಯೂಟಿನ ನ್ಯೂಟ್ರಲಿನೊಡನೆ ಬೆರೆಸಿದರೆ ಆರ್‌ಸಿಸಿಬಿ ಕಾರಣವಿಲ್ಲದೆ ಬೀಳತೊಡಗುತ್ತದೆ. ಕೊನೆಗೆ ಮನೆಯವರು ಆರ್‌ಸಿಸಿಬಿಯನ್ನೇ ತೆಗೆಸುತ್ತಾರೆ. ಪ್ರತಿ ಸರ್ಕ್ಯೂಟಿಗೆ ಅದರದೇ ನ್ಯೂಟ್ರಲ್ ಎಂಬ ನಿಯಮವನ್ನು ಪಾಲಿಸಿದ್ದರೆ ಈ ಸಮಸ್ಯೆ ಹುಟ್ಟುತ್ತಿರಲಿಲ್ಲ.

ಜನರೇಟರನ್ನು, ಲೈನಿನ ಸಂಪರ್ಕ ಕಡಿಯುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ನೇರವಾಗಿ ಮನೆಯ ಸಾಕೆಟ್ಟಿಗೆ ಸೇರಿಸುವುದು ಇನ್ನೊಬ್ಬರ ಜೀವದೊಡನೆ ಆಟ. ವಿದ್ಯುತ್ ಹಿಂದಕ್ಕೆ ಹರಿದು ಟ್ರಾನ್ಸ್‌ಫಾರ್ಮರ್ ಮೂಲಕ ಒತ್ತಡ ಏರಿಸಿಕೊಂಡು ಲೈನಿಗೆ ಸೇರುತ್ತದೆ. ಲೈನ್ ಆಫ್ ಆಗಿದೆಯೆಂದು ಕಂಬ ಹತ್ತಿದ ಪವರ್‌ಮನ್‌ಗೆ ಅದು ಸಾವು. ಸೌರಫಲಕಗಳ ಗ್ರಿಡ್ ಜೋಡಣೆಯ ಇನ್ವರ್ಟರುಗಳು ಲೈನಿನಲ್ಲಿ ಕರೆಂಟ್ ಹೋದೊಡನೆ ತಾವಾಗಿ ನಿಲ್ಲಬೇಕೆಂದು ವಿಧಿಸಿರುವುದೂ ಇದೇ ಕಾರಣಕ್ಕೆ. ತ್ರೀ ಫೇಸ್ ಮನೆಗಳಲ್ಲಿ ನ್ಯೂಟ್ರಲ್ ಸಡಿಲವಾದರೆ ಕಡಿಮೆ ಲೋಡಿರುವ ಫೇಸಿನ ಉಪಕರಣಗಳಿಗೆ 230ರ ಬದಲು 400ಕ್ಕೆ ಹತ್ತಿರದ ವೋಲ್ಟೇಜ್ ಬೀಳುತ್ತದೆ. ಒಂದು ಕೋಣೆಯ ದೀಪ ಮಂಕಾಗಿ ಇನ್ನೊಂದು ಕೋಣೆಯದು ಅತಿ ಪ್ರಖರವಾದರೆ ತಕ್ಷಣ ಮೇನ್ ಆರಿಸಬೇಕು.

ಹೊಲ ಮತ್ತು ತೋಟ

ನೀರಾವರಿ ಪಂಪುಗಳ (ಐಪಿ ಸೆಟ್ಟುಗಳ) ಸ್ಟಾರ್ಟರ್ ಪೆಟ್ಟಿಗೆ ಹೆಚ್ಚಾಗಿ ಕಬ್ಬಿಣದ್ದು, ನಿಲ್ಲುವ ನೆಲ ಹಸಿ, ಕಾಲು ಬರಿಗಾಲು. ಪೆಟ್ಟಿಗೆಗೆ ಎರಡು ಪ್ರತ್ಯೇಕ ಅರ್ಥ್ ಜೋಡಣೆ ಬೇಕು. ಎಷ್ಟೋ ಕಡೆ ಒಂದೂ ಇರುವುದಿಲ್ಲ. ತ್ರೀ ಫೇಸ್ ಇಲ್ಲದ ಹೊತ್ತಿನಲ್ಲಿ ಕಂಡೆನ್ಸರ್ ಹಾಕಿ ಮೋಟರ್ ಓಡಿಸುವುದು ಅದೇ ಫೇಸಿನ ಮನೆಗಳ ವೋಲ್ಟೇಜ್ ಬೀಳಿಸುತ್ತದೆ, ಮೋಟರನ್ನೂ ಸುಡುತ್ತದೆ. ಆಟೋ ಸ್ಟಾರ್ಟರ್ ಇದ್ದಲ್ಲಿ ಕರೆಂಟ್ ಬಂದೊಡನೆ ಮೋಟರ್ ತಾನಾಗಿ ತಿರುಗುವುದರಿಂದ, ರಿಪೇರಿಗೆ ಮುನ್ನ ಫ್ಯೂಸುಗಳನ್ನು ಕಿತ್ತು ಜೇಬಿನಲ್ಲಿ ಇಟ್ಟುಕೊಳ್ಳಬೇಕು.

ಹಂದಿ, ಆನೆಗಳನ್ನು ತಡೆಯಲು ಬೇಲಿಗೆ ನೇರ 230 ವೋಲ್ಟ್ ಕೊಡುವುದು ಅಪರಾಧ. ಅದು ಪ್ರಾಣಿಗಳನ್ನಷ್ಟೇ ಅಲ್ಲದೆ ಬೆಳಗ್ಗೆ ನೀರು ಕಟ್ಟಲು ಬಂದ ರೈತನನ್ನೂ ಪಕ್ಕದ ಹೊಲದ ಮಗುವನ್ನೂ ಕೊಲ್ಲುತ್ತದೆ. ಅನುಮತಿಯಿರುವ ಸೋಲಾರ್ ಬೇಲಿಯಲ್ಲಿ ಎನರ್ಜೈಸರ್ ಅತಿ ಚಿಕ್ಕ ಮಿಡಿತಗಳನ್ನು ಮಾತ್ರ ಬಿಡುತ್ತದೆ. ಪ್ರಾಣಿ ಬೆದರುತ್ತದೆ, ಅಂಟಿಕೊಳ್ಳುವುದಿಲ್ಲ.

ಪತ್ತೆ ಮತ್ತು ಪರೀಕ್ಷೆ

ಪರಿಣತಿಯಿಲ್ಲದವರೂ ಗುರುತಿಸಬಲ್ಲ ಸೂಚನೆಗಳಿವೆ:

• ಸ್ವಿಚ್ಚುಬೋರ್ಡು ಅಥವಾ ಪ್ಲಗ್ಗು ಮುಟ್ಟಿದರೆ ಬಿಸಿ. ಸಾಕೆಟ್ಟಿನ ಸುತ್ತ ಕಂದು ಕಲೆ, ಸುಟ್ಟ ಪ್ಲಾಸ್ಟಿಕ್ ವಾಸನೆ: ಸಡಿಲ ಜೋಡಣೆ ಅಥವಾ ಅತಿ ಲೋಡು.
• ನಲ್ಲಿ, ಫ್ರಿಜ್ಜು, ವಾಷಿಂಗ್ ಮಷೀನು ಮುಟ್ಟಿದರೆ ಜುಮ್ ಎನ್ನುವುದು: ಸೋರಿಕೆಯ ಜೊತೆಗೆ ಅರ್ಥ್ ಇಲ್ಲದಿರುವುದು.
• ಸ್ವಿಚ್ಚಿನಲ್ಲಿ ಚಿಟಚಿಟ ಸದ್ದು, ದೀಪದ ಮಿಣುಕು: ಒಳಗೆ ಕಿಡಿ.
• ಒಂದೇ ಎಂಸಿಬಿ ಮತ್ತೆಮತ್ತೆ ಬೀಳುವುದು: ಆ ಸರ್ಕ್ಯೂಟಿನಲ್ಲಿ ಅತಿ ಲೋಡು ಅಥವಾ ಶಾರ್ಟ್.
• ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿದರೂ ಬೀಳದಿರುವುದು: ಸಾಧನ ಸತ್ತಿದೆ ಅಥವಾ ಬೈಪಾಸ್ ಆಗಿದೆ.
• ಎರಡು ತೂತಿನ ಸಾಕೆಟ್ಟುಗಳು, ಸರ್ಕ್ಯೂಟುಗಳ ಹೆಸರು ಬರೆಯದ ಡಿಸ್ಟ್ರಿಬ್ಯೂಷನ್ ಬೋರ್ಡು, ತೆರೆದ ಜಂಕ್ಷನ್ ಬಾಕ್ಸು.

ಟೆಸ್ಟರಿನ ಮಿಣುಕು ಫೇಸ್ ಇದೆಯೆಂದು ಹೇಳಬಹುದು; ಅದು ಉರಿಯದಿದ್ದರೆ ಕರೆಂಟ್ ಇಲ್ಲವೆಂದು ನಂಬುವಂತಿಲ್ಲ. ನಿಜವಾದ ಪರೀಕ್ಷೆ ವೈರ್‌ಮನ್ನನ ಕೆಲಸ. ಮೇನ್ ಆರಿಸಿ, ಮೆಗ್ಗರಿನಿಂದ 500 ವೋಲ್ಟ್ ಡಿಸಿ ಹಾಕಿ ಅಳೆದರೆ ತಂತಿ ಮತ್ತು ಅರ್ಥ್ ನಡುವಿನ ಹೊದಿಕೆಯ ರೋಧ ಕನಿಷ್ಠ 1 ಮೆಗಾಓಮ್ ಇರಬೇಕು. ಇದರ ಜೊತೆಗೆ ಅರ್ಥ್ ತಂತಿ ಪ್ರತಿ ಸಾಕೆಟ್ಟಿನವರೆಗೆ ತುಂಡಾಗದೆ ಸಾಗಿದೆಯೇ, ಸ್ವಿಚ್ಚುಗಳೆಲ್ಲ ಫೇಸಿನಲ್ಲಿವೆಯೇ, ಗುಂಡಿಯ ರೋಧ ಎಷ್ಟು, ಆರ್‌ಸಿಸಿಬಿ ಎಷ್ಟು ವೇಗದಲ್ಲಿ ಬೀಳುತ್ತದೆ ಎಂಬುದನ್ನು ಅಳೆದು ಬರೆದಿಡಬೇಕು. ವಿದ್ಯುತ್ ಅಳವಡಿಕೆಗಳ ನಿಯತಕಾಲಿಕ ತಪಾಸಣೆಯ ನಡುವೆ ಐದು ವರ್ಷಕ್ಕಿಂತ ಹೆಚ್ಚು ಅಂತರ ಇರಬಾರದೆಂಬ ನಿಯಮವನ್ನು ಮನೆಯವರೂ ತಮ್ಮ ಅಳತೆಯಾಗಿ ಇಟ್ಟುಕೊಳ್ಳಬಹುದು.

ಅಪಘಾತವಾದಾಗ

ಕರೆಂಟ್ ಹಿಡಿದವರನ್ನು ಬರಿಗೈಯಲ್ಲಿ ಮುಟ್ಟಬಾರದು. ಮೊದಲು ಮೇನ್ ಆರಿಸಬೇಕು. ಆಗದಿದ್ದರೆ ಒಣ ಮರದ ಕೋಲಿನಿಂದ ಬಿಡಿಸಬೇಕು. ಉಸಿರು, ನಾಡಿ ನಿಂತಿದ್ದರೆ ಎದೆಯೊತ್ತುವ ಪ್ರಥಮ ಚಿಕಿತ್ಸೆಯನ್ನು ತಕ್ಷಣ ಆರಂಭಿಸಿ 108ಕ್ಕೆ ಕರೆ ಮಾಡಬೇಕು. ರಸ್ತೆಯಲ್ಲಿ ಬಿದ್ದ ತಂತಿಯ ಹತ್ತಿರ ಯಾರನ್ನೂ ಬಿಡದೆ 1912ಕ್ಕೆ ತಿಳಿಸಬೇಕು. ವಿದ್ಯುತ್ ಬೆಂಕಿಗೆ ನೀರು ಎರಚಕೂಡದು. ಇಂಗಾಲದ ಡೈಆಕ್ಸೈಡ್ ಅಥವಾ ಒಣ ಪುಡಿಯ ನಂದಕ ಬಳಸಬೇಕು. ವಿದ್ಯುತ್ ಕಾಯ್ದೆಯ 161ನೇ ಸೆಕ್ಷನ್ ಪ್ರಕಾರ ಇಂಥ ಅಪಘಾತವನ್ನು ವಿದ್ಯುತ್ ಪರಿವೀಕ್ಷಕರಿಗೆ ವರದಿ ಮಾಡಲೇಬೇಕು. ತನಿಖೆಯ ವರದಿ ಪರಿಹಾರಕ್ಕೂ ಮುಂದಿನ ಸಾವು ತಪ್ಪಿಸಲೂ ಆಧಾರ.

ಹಳೆಯ ಮನೆಗಳು

ಮರದ ಪಟ್ಟಿಯ ಮೇಲೆ ಕ್ಲಿಪ್ಪು ಹೊಡೆದು ಎಳೆದ ತಂತಿ, ಅರ್ಥ್ ಇಲ್ಲದ ಸಾಕೆಟ್ಟು, ಕಿಟ್‌ಕ್ಯಾಟ್ ಫ್ಯೂಸು ಇರುವ ಮನೆಗಳು ಇನ್ನೂ ಸಾಕಷ್ಟಿವೆ. ಬಡವರ ಮನೆಗೆ ಒಂದು ದೀಪಕ್ಕೆಂದು ಸರ್ಕಾರ ಕೊಟ್ಟ ಭಾಗ್ಯಜ್ಯೋತಿ ಸಂಪರ್ಕಗಳ ಮೇಲೆ ಈಗ ಟಿವಿ, ಮಿಕ್ಸಿ, ಫ್ಯಾನು ಕೂತಿವೆ. ಎಲ್ಲವನ್ನೂ ಒಮ್ಮೆಗೇ ಬದಲಿಸುವ ಶಕ್ತಿ ಎಲ್ಲರಿಗೂ ಇರುವುದಿಲ್ಲ, ಕ್ರಮವೊಂದನ್ನು ಅನುಸರಿಸಬಹುದು. ಮೊದಲು ಮೇನಿನಲ್ಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿ. ನಂತರ ಒಳ್ಳೆಯ ಅರ್ಥ್ ಗುಂಡಿ, ಅಲ್ಲಿಂದ ಬಚ್ಚಲು ಮತ್ತು ಅಡುಗೆಮನೆಯ ಸಾಕೆಟ್ಟುಗಳಿಗೆ ಅರ್ಥ್ ತಂತಿ. ಆಮೇಲೆ ಗೀಸರು, ಪಂಪು, ಒಲೆಗಳಿಗೆ ಪ್ರತ್ಯೇಕ ಸರ್ಕ್ಯೂಟು. ಕೊನೆಗೆ ದೀಪಗಳ ಹಳೆಯ ತಂತಿ. ಕಡಿಮೆ ಖರ್ಚಿನಲ್ಲಿ ಹೆಚ್ಚು ಪ್ರಾಣಗಳನ್ನು ಉಳಿಸುವ ಕ್ರಮ ಇದು. ಬಡವರ ಸಂಪರ್ಕಗಳಿಗೆ ಈ ಮೊದಲ ಎರಡು ಹಂತಗಳನ್ನು ಸರ್ಕಾರವೇ ತನ್ನ ಖರ್ಚಿನಲ್ಲಿ ಮಾಡಿಕೊಡುವುದು ನ್ಯಾಯ. ಕರೆಂಟನ್ನು ಎಲ್ಲರ ಮನೆಗೂ ತಲುಪಿಸಿದ ರಾಜ್ಯ ಅದರ ರಕ್ಷಣೆಯನ್ನೂ ಅಲ್ಲಿಗೇ ತಲುಪಿಸಬೇಕು.